ಮಕುಂಗ್ವಾ ಸಾಹೇಬರನ್ನು ಹೊತ್ತ ದಿನ

"ಇದೇನ್ಲಾ, ಹೆಗಲೋ ಇಲ್ಲಾ ಹರಿದ ಗೋಣಿಚೀಲವೋ? ಬಿಚ್ಚಲಾ ಅಂಗಿ, ನೋಡವ!"

ಮೇಸ್ತ್ರಿ ಪೆಟುಲೊ ಬೆತ್ತದ ತುದಿಯಿಂದ ನನ್ನ ಹೆಗಲನ್ನು ತಿವಿದ. ಮೇಕೆ ಕೊಳ್ಳುವವನು ಹಲ್ಲು ನೋಡುವಂತೆ ಬಗ್ಗಿ ನೋಡಿದ. ಚಹಾ ಕಾರ್ಖಾನೆಯ ಅಂಗಳದಲ್ಲಿ ಹನ್ನೆರಡು ಮಂದಿ ಮುದುಕರು ಬರಿಮೈಯಲ್ಲಿ ಸಾಲಾಗಿ ನಿಂತಿದ್ದೆವು. ಜುಲೈ ತಿಂಗಳು. ಮುಲಂಜೆ ಬೆಟ್ಟ ಮೂರು ದಿನದಿಂದ ಮೋಡದ ಕಂಬಳಿ ಹೊದ್ದು ಮಲಗಿತ್ತು. ಕಂಬಳಿ ಇಲ್ಲದ ನಾವು ಜಿಟಿಜಿಟಿ ಮಳೆಯಲ್ಲಿ ನಡುಗುತ್ತಿದ್ದೆವು. ದೇಶಕ್ಕೆ ಸ್ವಾತಂತ್ರ್ಯ ಬಂದು ಆರು ದಿನವಾಗಿತ್ತು. ನಮ್ಮ ತೋಟಕ್ಕೆ ಅದು ಆವತ್ತು ಬರುವುದಿತ್ತು, ಬೆಳಿಗ್ಗೆ ಹನ್ನೊಂದಕ್ಕೆ, ಬಾವುಟ ಏರಿಸಲು ಬರುವ ಹೊಸ ಸರ್ಕಾರದ ದೊಡ್ಡ ಮನುಷ್ಯನ ಜೊತೆ, ಕಾರಿನಲ್ಲಿ.

ಆದರೆ ಹೊಳೆಯ ಬಳಿಯೇ ರಸ್ತೆ ಕೆಸರಾಗಿತ್ತು. ಕಾರು ದಿಣ್ಣೆಯ ಮೇಲಿನ ಬಂಗಲೆಯವರೆಗೆ ಹತ್ತುವಂತಿರಲಿಲ್ಲ. ಆಗ ನಮ್ಮ ಬ್ವಾನಾ, ಅಂದರೆ ತೋಟದ ಬಿಳಿ ದೊರೆ ಹಾರ್ಡ್‌ವಿಕ್‌ಗೆ, ತನ್ನಪ್ಪನ ಕಾಲದ ಮಚಿಲಾ ನೆನಪಾಯಿತಂತೆ. ಮಚಿಲಾ ಅಂದರೆ ದಪ್ಪ ಬಿದಿರಿಗೆ ಕಟ್ಟಿದ ಕ್ಯಾನ್ವಾಸಿನ ಜೋಲಿ. ಬಿಳಿಯರು ಅದರಲ್ಲಿ ಮಲಗುತ್ತಿದ್ದರು, ಕರಿಯರು ಹೊರುತ್ತಿದ್ದೆವು. ಕಾರು ಬಂದ ಮೇಲೆ ಅದು ಉಗ್ರಾಣದ ಜಂತಿಗೆ ನೇತುಬಿದ್ದಿತ್ತು, ಅದರೊಳಗೆ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಅದನ್ನು ಹೊತ್ತು ಅಭ್ಯಾಸವಿದ್ದವರು ಮುದುಕರು ಮಾತ್ರ.

"ನಾಜೊಂಬೆ, ನೀನು ಮುಂದುಗಡೆ ಬಲಕ್ಕೆ," ಅಂದ ಪೆಟುಲೊ ನನಗೆ. "ಇಲಿ, ನೀನು ಎಡಕ್ಕೆ."

ಇಲಿ ಅಂದರೆ ಲಿಕೋಸ್ವೆ. ನಮ್ಮ ಭಾಷೆಯಲ್ಲಿ ಆ ಹೆಸರಿನ ಅರ್ಥವೇ ಇಲಿ. ಆರಡಿ ಎತ್ತರದ ಇಲಿ, ನನ್ನ ಗೆಳೆಯ.

ನಾಚಿಕೆಗೇಡಿನ ಮಾತೊಂದು ಹೇಳಿಬಿಡುತ್ತೇನೆ. ಹನ್ನೆರಡರಲ್ಲಿ ನಾಲ್ವರನ್ನು ಆರಿಸಿದಾಗ, ಅದರಲ್ಲಿ ನಾನೊಬ್ಬ ಅಂದಾಗ, ನನಗೆ ಖುಷಿಯಾಯಿತು. ಆಯ್ಕೆಯಾಗದವರ ಕಡೆ ಒಂದು ಸಲ ತಿರುಗಿಯೂ ನೋಡಿದೆ. ಅರವತ್ತು ವರ್ಷದ ನಾಯಿಯ ತಲೆ ಸವರಿದರೂ ಅದು ಬಾಲ ಆಡಿಸುತ್ತದೆ.

ಬ್ವಾನಾ ಛತ್ರಿ ಹಿಡಿದು ಬಂದು ನಮ್ಮ ಭಾಷೆಯಲ್ಲಿ ಮಾತಾಡಿದ. ಮೂವತ್ತು ವರ್ಷ ನಮ್ಮ ನಡುವೆ ಇದ್ದು ಅವನು ಕಲಿತದ್ದು ಅಪ್ಪಣೆಗಳನ್ನು ಮಾತ್ರ. "ನೀವು ಹೊರೋದು. ಚೆನ್ನಾಗಿ ಹೊರೋದು. ನಿಮ್ಮ ದೊಡ್ಡ ಮನುಷ್ಯ ಬೀಳೋದು ಇಲ್ಲ. ಸರಿ?"

"ಸರಿ ಬ್ವಾನಾ," ಅಂದೆವು. ಎಲ್ಲರಿಗಿಂತ ಜೋರಾಗಿ ನಾನು.

ಆವತ್ತು ನನಗೆ ಬೇರೆ ಕೆಲಸವೂ ಇತ್ತು. ಹೊಳೆಯ ದಂಡೆಯಲ್ಲಿ ನಮ್ಮ ಎಂಟು ಗುಡಿಸಲುಗಳಿದ್ದವು. ನನ್ನಪ್ಪ ಪೋರ್ಚುಗೀಸರ ಚಾವಟಿಗೆ ಹೆದರಿ ಗಡಿ ದಾಟಿ ಬಂದವನು. ಚಿರತೆಗೆ ಹೆದರಿ ಮೊಸಳೆಯ ಹೊಳೆಗೆ ಹಾರಿದ ಜಾಣ. ಅಂದಿನಿಂದ ಇಂಗ್ಲಿಷರ ನೆಲದಲ್ಲಿ ಗುಡಿಸಲು, ಗುಡಿಸಲಿಗೆ ಬದಲಾಗಿ ಬಿಟ್ಟಿ ದುಡಿಮೆ. ಈಗ ಬ್ವಾನಾಗೆ ಆ ದಂಡೆಯಲ್ಲೂ ಚಹಾ ನೆಡಬೇಕಾಗಿತ್ತು. ಎಂಟೂ ಬಾಗಿಲುಗಳಿಗೆ ಸುಣ್ಣದಲ್ಲಿ ಕತ್ತರಿ ಗುರುತು ಹಾಕಿಸಿ, ಸೋಮವಾರದೊಳಗೆ ಖಾಲಿ ಮಾಡಿ ಅಂದಿದ್ದ. ಬರುವ ದೊಡ್ಡ ಮನುಷ್ಯನ ಹತ್ತಿರ ಅಹವಾಲು ಹೇಳಲು ಊರವರು ನನ್ನನ್ನು ಆರಿಸಿದ್ದರು.

ಯಾಕೆಂದರೆ ನಾನು ಜೈಲಿಗೆ ಹೋಗಿ ಬಂದವನು. ಆ ಕಥೆಯನ್ನೂ ಹೇಳಬೇಕು. ಚಳವಳಿಯ ಕಾಲದಲ್ಲಿ ಎಲ್ಲರೂ "ಕ್ವಾಚಾ!" ಅಂತ ಕೂಗುತ್ತಿದ್ದರು. ಬೆಳಗಾಯಿತು ಅಂತ ಅರ್ಥ. ನನಗೂ ಒಂದು ದಿನ ಹುಮ್ಮಸ್ಸು ಬಂದು, ಮಧ್ಯಾಹ್ನ ಹಾಜರಿ ಕರೆಯುವಾಗ ಕೂಗಿಬಿಟ್ಟೆ. "ನಡುಮಧ್ಯಾಹ್ನ ಆಗಿದೆ ಕಣೋ ಬೋಳಿಮಗನೆ, ಯಾವ ಬೆಳಗು?" ಅಂತ ಪೆಟುಲೊ ಹೊಡೆದ. ಪೊಲೀಸಿನವನು ಮೂರು ದಿನ ಕೂಡಿಹಾಕಿದ. ಮೂರು ದಿನವೂ ನಾನು ಮಾಡಿದ್ದು ಅಳುವುದೊಂದೇ. ಅದು ಊರವರಿಗೆ ಗೊತ್ತಿಲ್ಲ.

ನನ್ನ ಹೆಂಡತಿ ಎಸಿನಾತಿ ವಾರವೆಲ್ಲ ನನಗೆ ತಾಲೀಮು ಕೊಟ್ಟಿದ್ದಳು. ಒರಳನ್ನು ಬೋರಲು ಹಾಕಿ ಅದರ ಮೇಲೆ ತಾನೇ ದೊಡ್ಡ ಮನುಷ್ಯನಾಗಿ ಕೂತು, "ಹೂಂ, ಒದರು," ಅನ್ನುವಳು. ನಾನು ಶುರು ಮಾಡುವೆ: "ಸ್ವತಂತ್ರ ನಾಡಿನ ಸೂರ್ಯನಂಥ ಸಾಹೇಬ್ರೆ, ನಮ್ಮಪ್ಪ ಮೊದಲು..."

"ನಿಮ್ಮಪ್ಪನ್ನ ಯಾವನು ಕೇಳ್ದ? ಗುಡಿಸಲು ಉಳಿಸಿ ಅನ್ನು. ಆಟೇಯ. ಆಮೇಲೆ ಫನೆಸಿ ಅಪ್ಪಾ, ಅವ್ರ ಮುಂದೆ ಮೂಗು ಒರೆಸ್ಕೊಬ್ಯಾಡ."

ಫನೆಸಿ ನಮ್ಮ ಮಗಳು, ಅವಳ ಹೆಸರಿಂದಲೇ ಎಸಿನಾತಿ ನನ್ನನ್ನು ಕರೆಯುವುದು. ಎಸಿನಾತಿಗೆ ಆ ಅವಸರ ಇರಲೇಬೇಕು. ನಮ್ಮಲ್ಲಿ ಮನೆ ಹೆಂಗಸಿನದು. ಗಂಡ ಬಂದು ಸೇರಿಕೊಂಡವನು.

ಕಾರು ಹನ್ನೆರಡಕ್ಕೆ ಬಂದು, ನಾವು ಮಚಿಲಾ ಹಿಡಿದು ಕಾದಿದ್ದ ಹೊಳೆಯ ಬಳಿ ನಿಂತಿತು. ಇಳಿದವರು ಮಕುಂಗ್ವಾ ಸಾಹೇಬರು. ಅವರ ಬಗ್ಗೆ ಸುಳ್ಳು ಹೇಳಬಾರದು. ಅವರು ನಿಜವಾಗಿಯೂ ಜೈಲು ಕಂಡವರು, ಹದಿಮೂರು ತಿಂಗಳು. ಹುಬ್ಬಿನ ಮೇಲೆ ಲಾಠಿಯ ಗಾಯದ ಗುರುತಿತ್ತು. ಐದು ವರ್ಷದ ಹಿಂದೆ ಇದೇ ತೋಟದಲ್ಲಿ ಚಹಾ ಬುಟ್ಟಿಯನ್ನು ಮಗುಚಿ ಹಾಕಿ, ಅದರ ಮೇಲೆ ನಿಂತು, "ಅಣ್ಣಗಳಿರಾ, ಈ ಮಣ್ಣು ನಿಮ್ಮದು," ಅಂದಿದ್ದರು. ಆಗ ಅವರ ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಈಗ ಬಿಳಿ ಬೂಟುಗಳಿದ್ದವು. ಮೈಯೂ ದೇಶದ ಜೊತೆಗೇ ಬೆಳೆದಿತ್ತು.

ಮಚಿಲಾ ನೋಡಿದವರೇ ಅವರು ಹಿಂದೆ ಸರಿದರು. "ಛೆ ಛೆ, ಇದೆಲ್ಲ ಬೇಡ. ಹೋಯ್ತು ಆ ಕಾಲ."

"ನಮ್ಮ ಗವರ್ನರ್‌ಗೆ ಹೀಗೇ ಮಾಡೋದು," ಅಂದ ಬ್ವಾನಾ. "ನಿಮಗೂ ಅದೇ ಮರ್ಯಾದೆ."

"ಬೇಡಪ್ಪಾ, ಬೇಡ," ಅಂದರು ಸಾಹೇಬರು ಎರಡನೇ ಸಲ. ಆದರೆ ಈ ಸಲ ಅವರು ಕೆಸರು ನೋಡಿದರು, ಬೂಟು ನೋಡಿದರು. ಮೂರನೇ ಸಲ ಬ್ವಾನಾ ಕೇಳುವ ಹೊತ್ತಿಗೆ ಒಂದು ಕಾಲು ಜೋಲಿಯೊಳಗಿತ್ತು.

ಎತ್ತಿದೆವು. ಹೆಗಲು ಹಳೆಯ ಪಾಠ ಮರೆತಿರಲಿಲ್ಲ, ಬೆನ್ನು ಮರೆತಿತ್ತು. ಬ್ವಾನಾ ಕುದುರೆಯೇರಿ ಮುಂದೆ ಹೊರಟುಹೋದ. ಪೆಟುಲೊ ಬೆತ್ತ ಬೀಸುತ್ತ ಪಕ್ಕದಲ್ಲಿ ನಡೆದ. ಜೋಲಿಯೊಳಗಿಂದ ಸಾಹೇಬರು, "ಹಾಡಿ ಅಣ್ಣಗಳಿರಾ, ಹಾಡಿ! ಹೊರೋವಾಗ ಹಾಡ್ತಿದ್ರಲ್ಲಾ," ಅಂದರು.

ಅಲ್ಲಿ ನಮ್ಮ ಬಾಯಿ ಕಟ್ಟಿತು. ಹಿಂದೆ ಹಾಡುತ್ತಿದ್ದೆವು ನಿಜ. "ಕೆಂಪು ಹಂದಿ ಹೊತ್ಕೊಂಡ್ವಿ, ಗೂಡಿಗೆ ಹಾಕ್ತೀವಿ, ಹೇ ಹೇ," ಅಂತ ಹಾಡಿದರೆ ಮೇಲೆ ಮಲಗಿದ ಬಿಳಿಯ ತಲೆದೂಗುತ್ತಿದ್ದ. ಅವನಿಗೆ ಭಾಷೆ ಬರುತ್ತಿರಲಿಲ್ಲ. ಇವರದು ನಮ್ಮದೇ ಭಾಷೆ. ಸ್ವಾತಂತ್ರ್ಯ ನಮ್ಮಿಂದ ಮೊದಲು ಕಿತ್ತುಕೊಂಡದ್ದು ಆ ಬೈಗುಳವನ್ನು.

"ಏನು ಹಾಡನಾ?" ಅಂತ ಲಿಕೋಸ್ವೆ ಪಿಸುಗುಟ್ಟಿದ.

"ಮುಚ್ಕೊಂಡು ನಡಿ," ಅಂದೆ. ಆಮೇಲೆ ಹೊಳೆಯಿತು: ಎಂಥ ಅವಕಾಶ! ದೊಡ್ಡ ಮನುಷ್ಯರು ಯಾರಿಗೂ ಇಷ್ಟು ಹತ್ತಿರ ಸಿಗುವುದಿಲ್ಲ. ನನ್ನ ಕಿವಿಯ ಹಿಂದೆಯೇ ಇದ್ದಾರೆ.

"ಸ್ವತಂತ್ರ ನಾಡಿನ... ಹುಂ... ಸೂರ್ಯನಂಥ... ಹುಂ... ಸಾಹೇಬ್ರೆ," ಅಂದೆ.

"ಯಾರದು?"

"ನಾನು, ಬಲಗಡೆ ಹೆಗಲು. ನಮ್ಮಪ್ಪ ಮೊದಲು... ಹುಂ... ಗಡಿ ದಾಟಿ..."

ಎಸಿನಾತಿ ಹೇಳಿದ್ದನ್ನು ಬಿಟ್ಟು ನಮ್ಮಪ್ಪನನ್ನೇ ಮುಂದಿಟ್ಟಿದ್ದೆ. ನಮ್ಮಪ್ಪ ಗಡಿ ದಾಟುವಷ್ಟರಲ್ಲಿ ಒಂದು ದಿಣ್ಣೆ ಮುಗಿಯಿತು. ಗುಡಿಸಲಿನ ವಿಚಾರಕ್ಕೆ ಬರುವಾಗ ನಾಲಗೆ ಹೊರಬಿದ್ದಿತ್ತು.

"ಅರ್ಜಿ ಬರ್ಕೊಡಪ್ಪಾ," ಅಂದರು ಸಾಹೇಬರು. "ಬಾಯಿಮಾತು ನಡೆಯಲ್ಲ. ಈಗ ನಮ್ಮದೇ ಸರ್ಕಾರ, ಕ್ರಮ ಅಂತ ಒಂದು ಇದೆ."

"ಬರೆಯಾಕೆ ಬರಾಕಿಲ್ಲ ಸಾಹೇಬ್ರೆ."

"ಅದಕ್ಕೇ ಶಾಲೆ ಕಟ್ಟಿಸ್ತೀವಿ."

"ಸೋಮವಾರದೊಳಗಾ?"

ಹಿಂದಿನಿಂದ ಯಾರೋ ಕಿಸಕ್ಕೆಂದರು. ಜೋಲಿಯೊಳಗಿಂದ ಮಾತು ಬಂತು, ಸಭೆಯಲ್ಲಿ ಬರುವಂಥದ್ದು: "ದೇಶ ಕಟ್ಟೋದು ಅಂದ್ರೆ ತ್ಯಾಗ. ಚಹಾ ಬೆಳೆದ್ರೆ ದೇಶ ಬೆಳೀತದೆ. ನೀವು ಒಂಚೂರು ಅತ್ತ ಸರೀಬೇಕು."

"ಅತ್ತ ಹೊಳೆ ಅದೆ ಸಾಹೇಬ್ರೆ," ಅಂದ ಲಿಕೋಸ್ವೆ.

"ಬಾಯಿ ಮುಚ್ರಲೇ!" ಅಂತ ಪೆಟುಲೊ ಬೆತ್ತದಿಂದ ಬಿದಿರಿಗೆ ಹೊಡೆದ. ಪೆಟ್ಟು ನನ್ನ ಬೆರಳಿಗೆ ಬಿತ್ತು.

ದಾರಿ ನಮ್ಮ ಗುಡಿಸಲುಗಳ ಮುಂದೆಯೇ ಹೋಗುತ್ತಿತ್ತು. ಹೆಂಗಸರೆಲ್ಲ ಬಾಗಿಲಲ್ಲಿ ಮಂಡಿಯೂರಿ, ಚಪ್ಪಾಳೆ ತಟ್ಟಿ ಸ್ವಾಗತಿಸಲು ಕಾದಿದ್ದರು. ಎಸಿನಾತಿ ಎಲ್ಲರಿಗಿಂತ ಮುಂದೆ. ಗಂಡ ಒಗೆದ ಅಂಗಿ ತೊಟ್ಟು ದೊಡ್ಡ ಮನುಷ್ಯನ ಪಕ್ಕದಲ್ಲಿ ಮಾತಾಡಿಕೊಂಡು ಬರುತ್ತಾನೆ ಅಂತ ನೋಡುತ್ತಿದ್ದಳು. ಗಂಡ ಬಂದ, ಬರಿಮೈಯಲ್ಲಿ, ದೊಡ್ಡ ಮನುಷ್ಯನ ಅಡಿಯಲ್ಲಿ. ಅವಳ ಚಪ್ಪಾಳೆ ನಿಂತಿತು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನಕ್ಕುಬಿಟ್ಟಳು.

ನನ್ನ ಬಲಮೊಣಕಾಲು ಅಲ್ಲೇ ಮಡಚಿತು.

ಊರಲ್ಲಿ ಈಗ ಬೇರೆ ಥರ ಹೇಳುತ್ತಾರೆ: ನಾಜೊಂಬೆ ಸಿಂಹದ ಹಾಗೆ ನಿಂತ, ಬಿದಿರನ್ನು ಬಿಸಾಕಿದ ಅಂತ. ನಾನು ತಿದ್ದಲು ಹೋಗುವುದಿಲ್ಲ. ಆದರೆ ನಿಮ್ಮ ಮುಂದೆ ನಿಜ ಹೇಳುತ್ತೇನೆ, ದಂಗೆಯೆದ್ದದ್ದು ನಾನಲ್ಲ, ನನ್ನ ಮೊಣಕಾಲು. ಬಿದಿರು ಜಾರಿತು, ಲಿಕೋಸ್ವೆ ವಾಲಿದ, ಮಕುಂಗ್ವಾ ಸಾಹೇಬರು ಕೆಸರಿನಲ್ಲಿ ಕೂತರು.

"ನಾಯಿ ನನ್ಮಕ್ಕಳಾ!" ಅಂತ ಅವರು ಕಿರುಚಿದರು. "ಕಾಡುಮುಂಡೇವಾ! ನಿಮಗೆಲ್ಲ ಸ್ವಾತಂತ್ರ್ಯ ಬೇರೆ ಕೇಡು!"

ಅಷ್ಟು ಹೊತ್ತು ಅಣ್ಣಗಳಾಗಿದ್ದೆವು.

"ಎತ್ತಲಾ! ಏಳಲಾ ಮೇಲೆ!" ಪೆಟುಲೊ ಬೆತ್ತ ಎತ್ತಿದ. ನಾನು ಏಳಲು ಹೊರಟಿದ್ದೆ. ಇದೂ ನಿಜ. "ತಪ್ಪಾಯ್ತು ಸಾಹೇಬ್ರೆ" ಅನ್ನುವ ಮಾತು ಅರ್ಧ ಬಾಯಿಗೆ ಬಂದಿತ್ತು. ಆಗ ಎಸಿನಾತಿ ಬಂದು ನನ್ನ ಪಕ್ಕ ನಿಂತಳು.

"ಫನೆಸಿ ಅಪ್ಪಾ, ಎದ್ದೀಯೆ ಜೋಕೆ."

ನಾನು ಬ್ವಾನಾಗೆ ಹೆದರಿದ್ದೇನೆ, ಪೆಟುಲೊಗೆ ಹೆದರಿದ್ದೇನೆ, ಪೊಲೀಸಿಗೆ, ಸರ್ಕಾರಕ್ಕೆ, ಮೊಸಳೆಗೆ, ಎಲ್ಲಕ್ಕೂ ಹೆದರಿದ್ದೇನೆ. ಆದರೆ ಅತಿ ಹೆಚ್ಚು ಹೆದರುವುದು ಯಾರಿಗೆ ಅನ್ನುವುದರಲ್ಲಿ ಗೊಂದಲವಿಲ್ಲ. ಕೂತೆ. ಲಿಕೋಸ್ವೆ ನನ್ನ ಪಕ್ಕ ಕೂತ. ಹಿಂದಿನ ಇಬ್ಬರೂ ಕೂತರು. ಪೆಟುಲೊನ ಬೆತ್ತ ನನ್ನ ಬೆನ್ನ ಮೇಲೆ ಎರಡು ಸಲ ಬಿತ್ತು. ಮೂರನೇ ಸಲ ಎತ್ತಿದ್ದನ್ನು ಎಸಿನಾತಿ ಕೈಯಲ್ಲಿ ಹಿಡಿದುಕೊಂಡಳು. ಎಂಟು ಗುಡಿಸಲಿನ ಹೆಂಗಸರೂ ಎದ್ದು ಬಂದು ಅವನ ಸುತ್ತ ನಿಂತರು. ಅವನೇ ಬೆತ್ತ ಬಿಟ್ಟ.

ಎಸಿನಾತಿ ಸಾಹೇಬರತ್ತ ತಿರುಗಿದಳು. "ಈ ಮನೆ ಯಾರದು ಸಾಹೇಬ್ರೆ? ಆವತ್ತು ಬುಟ್ಟಿ ಮ್ಯಾಲೆ ನಿಂತು ಹೇಳಿದ್ರಿ. ಇವತ್ತು ನೆಲದ ಮ್ಯಾಲೆ ನಿಂತು ಹೇಳಿ."

ವಾರವೆಲ್ಲ ನಾನು ಬಾಯಿಪಾಠ ಮಾಡಿದ ಭಾಷಣಕ್ಕೆ ಬದಲಾಗಿ ಇಷ್ಟೇ.

ಸಾಹೇಬರು ಬಾಗಿಲ ಮೇಲಿನ ಸುಣ್ಣದ ಗುರುತುಗಳನ್ನು ನೋಡಿದರು. ಹುಬ್ಬಿನ ಗಾಯವನ್ನು ಬೆರಳಿಂದ ಉಜ್ಜಿಕೊಂಡರು. ಒಂದು ಗಳಿಗೆ ಅವರು ಏನೋ ಹೇಳುತ್ತಾರೆ ಅನ್ನಿಸಿತು. "ಬ್ವಾನಾ ಜೊತೆ ಮಾತಾಡ್ತೀನಿ," ಅಂದರು. ಎದ್ದು, ಷರಾಯಿಯ ಹಿಂಭಾಗದ ಕೆಸರು ಕೊಡವಿಕೊಂಡು, ದಿಣ್ಣೆ ಹತ್ತಿ ಬಂಗಲೆಯತ್ತ ನಡೆದುಹೋದರು. ಮಾತಾಡಿಯೂ ಇರಬಹುದು. ಸ್ವಲ್ಪ ಹೊತ್ತಿನಲ್ಲಿ ಬಂಗಲೆಯ ಕಂಬಕ್ಕೆ ಹೊಸ ಬಾವುಟ ಏರಿದ್ದು ಕೆಳಗಿಂದ ಕಂಡಿತು. ನಾವು ಚಪ್ಪಾಳೆ ತಟ್ಟಿದೆವು. ಎಷ್ಟಾದರೂ ನಮ್ಮದೇ ಬಾವುಟ.

ಸೋಮವಾರ ಬೆಳಿಗ್ಗೆ ಗುಡಿಸಲು ಕೆಡವಲು ಟ್ರಾಕ್ಟರ್ ಬಂತು. ಓಡಿಸುತ್ತಿದ್ದವನು ಲಿಕೋಸ್ವೆಯ ಅಕ್ಕನ ಮಗ ವಿಲಿಸೋನಿ. ಅವನ ಹಿಂದೆ ಬ್ವಾನಾ, ಪೆಟುಲೊ, ಮತ್ತೆ ನನ್ನನ್ನು ಮೂರು ದಿನ ಕೂಡಿಹಾಕಿದ್ದ ಅದೇ ಪೊಲೀಸಿನವನು. ಟೋಪಿಯ ಮೇಲಿನ ಬಿಲ್ಲೆ ಹೊಸದು, ಟೋಪಿಯೊಳಗಿನ ತಲೆ ಹಳೆಯದು.

ನಾವು ಗುಡಿಸಲುಗಳ ಮುಂದೆ, ದಾರಿಯ ನಡುವೆ ಕೂತಿದ್ದೆವು. ಎಸಿನಾತಿ ಅಲ್ಲೇ ಮೂರು ಕಲ್ಲು ಹೂಡಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ತಿರುವುತ್ತಿದ್ದಳು. ಪಕ್ಕದಲ್ಲಿ ಕುಂಬಳದ ಸೊಪ್ಪು ಬೇಯುತ್ತಿತ್ತು. ಟ್ರಾಕ್ಟರ್ ಹತ್ತಾರು ಹೆಜ್ಜೆ ದೂರದಲ್ಲಿ ನಿಂತು ಗುರುಗುಟ್ಟಿತು.

"ಎದ್ದೋಗಿ ಮಾವಾ," ಅಂತ ವಿಲಿಸೋನಿ ಕೂಗಿದ. "ನನ್ನ ಕೆಲ್ಸ ಹೋಯ್ತದೆ."

"ಉಣ್ಣೋಕೆ ಕುಂತವ್ರನ್ನ ಎಬ್ಬಿಸ್ತಾರೇನ್ಲಾ?" ಅಂದ ಲಿಕೋಸ್ವೆ. "ನಿಮ್ಮವ್ವ ಇದೇ ಕಲಿಸಿದ್ದಾ? ಇಳಿದು ಬಾ. ಕೈ ತೊಳ್ಕೊ."

"ಮುಂದೆ ಹೋಗೋದು!" ಅಂದ ಬ್ವಾನಾ.

ವಿಲಿಸೋನಿ ಮುಂದೆ ಬರಲಿಲ್ಲ, ಇಳಿಯಲೂ ಇಲ್ಲ. ಎರಡೂ ಕೈಯಿಂದ ಚಕ್ರ ಹಿಡಿದು ನಮ್ಮನ್ನೇ ನೋಡುತ್ತಿದ್ದ. ಎಸಿನಾತಿ ಮುದ್ದೆ ಬಡಿಸಿದಳು. ಒಂದು ತಟ್ಟೆ ಹೆಚ್ಚಿಗೆ ಹಾಕಿ, ಟ್ರಾಕ್ಟರಿನ ಮುಂದಿನ ಚಕ್ರದ ಹತ್ತಿರ ಇಟ್ಟು ಬಂದಳು. ಪೊಲೀಸಿನವನು ಬೆಲ್ಟು ಸರಿಮಾಡಿಕೊಂಡು ನಮ್ಮತ್ತ ನಡೆಯತೊಡಗಿದ. ನಾನು ಒಂದು ತುತ್ತು ಮುರಿದು ಸೊಪ್ಪಿನಲ್ಲಿ ಅದ್ದಿ ಬಾಯಿಗಿಟ್ಟೆ. ನನ್ನ ಜನ್ಮದಲ್ಲಿ ಅಷ್ಟು ನಿಧಾನವಾಗಿ ಯಾವತ್ತೂ ಉಂಡವನಲ್ಲ.