ಕೂರಲು ಬಿಟ್ಟ ನೆಲ

ನನಗೆ ಫ್ರೆಂಚ್ ಬರುತ್ತದೆ ಅಂತ ಊರೆಲ್ಲ ನಂಬಿತ್ತು. ನಂಬಿಸಿದವನು ನಾನೇ. ಬಿಳಿಯರು ವ್ಯಾಪಾರ ಮಾಡುವ ಬೋಮಾ ಬಂದರಿನಲ್ಲಿ ನಾಲ್ಕು ವರ್ಷ ತಾಳೆಎಣ್ಣೆಯ ಪೀಪಾಯಿ ಉರುಳಿಸಿದವನಿಗೆ ಎಷ್ಟು ಫ್ರೆಂಚ್ ಬಂದೀತು? ಎಣ್ಣೆ, ಕಡಲೆಕಾಯಿ, ಬಟ್ಟೆ, ಒಂದಿಷ್ಟು ಬೈಗುಳ. ಆದರೂ ಬೂಟು ಹಾಕಿಕೊಂಡು ಊರಿಗೆ ಬಂದೆ ನೋಡಿ, ಅಲ್ಲಿಗೆ ಕೆಟ್ಟಿತು.

ಊರಿನ ಒಡೆಯ ಲುಸಾಲ ನನ್ನ ಸೋದರಮಾವ. ನಮ್ಮದು ಅಳಿಯಕಟ್ಟು, ಅವನ ನಂತರ ಪಟ್ಟ ನನಗೇ. ಹಾಗಾಗಿ ಕೆಂಪುಗಡ್ಡದ ಬಿಳಿಯನೊಬ್ಬ ನೀಲಿ ಬಾವುಟ ಹಿಡಿಸಿಕೊಂಡು, ಬಟ್ಟೆಯ ಗಂಟು ಹೊರಿಸಿಕೊಂಡು ಬಂದಾಗ ಮಾವ ನನ್ನನ್ನೇ ಪಕ್ಕದಲ್ಲಿ ಕೂರಿಸಿಕೊಂಡ.

"ಏನಂತೋ ಮವುಂಗು ಇವನದ್ದು?"

"ಸಮುದ್ರದಾಚೆ ಬೆಲ್ಜಿಯಂ ದೊರೆ ಅಂತ ಇದ್ದಾನಂತೆ ಮಾವ. ಭಾರೀ ಧರ್ಮಾತ್ಮನಂತೆ. ನಮ್ಮ ಸ್ನೇಹ ಒಂದು ಸಿಕ್ಕರೆ ಸಾಕಂತೆ."

"ಅಷ್ಟು ದೂರದಿಂದ ಬರೀ ಸ್ನೇಹಕ್ಕೆ ಬಂದನಾ? ಅವನೂರಲ್ಲಿ ಮಾತಾಡಿಸೋರು ಯಾರೂ ಇಲ್ವಾ?" ಅಂದ ಮಾವ. ಎಲ್ಲರೂ ನಕ್ಕರು. ಬಿಳಿಯನೂ ನಕ್ಕ.

ಆಮೇಲೆ ಅವನು ಕಾಗದ ಓದಿದ. ಅದರಲ್ಲಿ ಒಂದು ಪದ ಮೂರು ಸಲ ಬಂತು. ನನಗೆ ಗೊತ್ತಿಲ್ಲದ ಪದ. ಕೇಳಬಹುದಿತ್ತು. ಇಡೀ ಊರಿನ ಮುಂದೆ ಹೇಗೆ ಕೇಳೋದು? ಮರ್ಯಾದೆ ಪ್ರಶ್ನೆ. ನಾನು ತಡವರಿಸಿದ್ದು ಅವನಿಗೆ ಗೊತ್ತಾಯಿತು. ನಗುತ್ತಾ ಚಾಪೆಯನ್ನು ಕೈಯಿಂದ ಮೆಲ್ಲಗೆ ತಟ್ಟಿ ತೋರಿಸಿದ, ಥೇಟ್ ನೆಂಟನ ಹಾಗೆ.

"ಕೂರೋಕೆ ಜಾಗ ಬಿಟ್ಟರೆ ಸಾಕಂತೆ ಮಾವ," ಅಂತ ಅವನೊಬ್ಬನಿಗೇ ಕೇಳುವಂತೆ ಕಿವಿಯಲ್ಲಿ ಅಂದೆ.

ಪರವೂರಿನವನು ಬಟ್ಟೆ, ಹೆಂಡ ತಂದು ಕೂರಲು ಜಾಗ ಕೇಳುವುದು ನಮ್ಮಲ್ಲಿ ಇದ್ದದ್ದೇ. ನೆಲ ಮಣ್ಣಿನಡಿ ಮಲಗಿರುವ ಹಿರಿಯರದ್ದು, ಅದನ್ನು ಕೊಡುವ ಅಧಿಕಾರ ಒಡೆಯನಿಗೂ ಇಲ್ಲ. ಕೂತವನು, ನಾವು ಏಳು ಅಂದಾಗ ಏಳಬೇಕು.

"ಬೇರೆ ಏನೂ ಬರೆದಿಲ್ಲ ತಾನೇ?" ಮಾವ ನನ್ನ ಮುಖವನ್ನೇ ನೋಡಿ ಮೆಲ್ಲಗೆ ಕೇಳಿದ.

"ಏನೂ ಇಲ್ಲ," ಅಂದೆ.

ಬಿಳಿಯನು ಆ ಕಾಗದದಲ್ಲಿ ಒಂದು ಅಡ್ಡಗೀಟು, ಒಂದು ಉದ್ದಗೀಟು ಎಳೆಯಲು ಮಾವನಿಗೆ ಹೇಳಿದ. ಓದುಬರಹ ಬಾರದವನ ಗುರುತು ಅಂತ ಅವನ ಲೆಕ್ಕ. ನಾವು ಆ ಗುರುತನ್ನು ನೆಲದ ಮೇಲೆ ಬರೆದು, ಅದರ ಮೇಲೆ ನಿಂತು ಸತ್ತ ಹಿರಿಯರ ಮುಂದೆ ಆಣೆ ಮಾಡುತ್ತೇವೆ. ಮಾವ ಮೂರು ಸಲ ಚಪ್ಪಾಳೆ ತಟ್ಟಿ, ಉಸಿರು ಬಿಗಿಹಿಡಿದು, ಭಕ್ತಿಯಿಂದ ಎರಡೂ ಗೀಟು ಎಳೆದ.

ಬಿಳಿಯರ ಠಾಣೆಯಲ್ಲಿ ನನಗೆ ದುಭಾಷಿ ಕೆಲಸ ಸಿಕ್ಕಿತು. ಆರು ತಿಂಗಳಿಗೆ ಆ ಪದದ ಅರ್ಥವೂ ತಿಳಿಯಿತು. ಬಿಟ್ಟುಕೊಡುವುದು. ಶಾಶ್ವತವಾಗಿ, ಮಕ್ಕಳು ಮರಿಮಕ್ಕಳ ಹಕ್ಕನ್ನೂ ಸೇರಿಸಿ. ಆದರೂ ಎರಡು ವರ್ಷ ಬಾಯಿ ಬಿಡಲಿಲ್ಲ. ನನ್ನಂಥ ಹೇಡಿ ಇನ್ನೊಬ್ಬನಿಲ್ಲ.

ಆಮೇಲೆ ಸಿಪಾಯಿಗಳು ಬಂದರು. ಹೊರೆ ಹೊರಲು ಗಂಡಸರನ್ನು ಎಳೆದೊಯ್ದರು, ಬಾರದವರ ಗುಡಿಸಲು ಸುಟ್ಟರು. ಮಾವ ಠಾಣೆಗೆ ಹೋಗಿ, "ಕೂತಿದ್ದು ಸಾಕು, ಇನ್ನು ಏಳಿ" ಅಂದ. ಅಧಿಕಾರಿ ಅದೇ ಕಾಗದ ತೋರಿಸಿದ. ಅದರಲ್ಲಿ ಏನಿದೆ ಅಂತ ಈ ಸಲ ನಾನು ಸರಿಯಾಗಿ ಹೇಳಿದೆ.

ವಾಪಸು ಬರುವಾಗ ದಾರಿಯಲ್ಲಿ ಎಲ್ಲ ಒಪ್ಪಿಕೊಂಡೆ. ಮಾವ ನಿಂತು ನನ್ನತ್ತ ತಿರುಗಿದ. "ಗೊತ್ತಿಲ್ಲ ಅಂದಿದ್ದರೆ ನಾನೇನು ಹೊಡೀತಿದ್ನಾ?" ಅಂತ ಕೇಳಿದ.

ಕಾಗದದ ಸುದ್ದಿ ಕೇಳಿ ಮರುದಿನ ಕುಲದವರೆಲ್ಲ ಸೇರಿದರು. ಸುಟ್ಟ ಗುಡಿಸಲಿನ ಮುದುಕ ಮ್ಬುಂಬ ನನ್ನತ್ತ ಬೆರಳು ಮಾಡಿದ. "ಈ ಬೂಟಿನ ಸಾಹೇಬ ಅವತ್ತು ಏನು ಹೇಳಿದ್ದ? ಮೊದಲು ಅದು ಗೊತ್ತಾಗಲಿ." ನುಡಿ ತಿರುಚಿ ಕುಲ ಕೆಡಿಸಿದವನಿಗೆ ನಮ್ಮಲ್ಲಿ ವಿಷದ ತೊಗಟೆ ಅರೆದು ಕುಡಿಸುತ್ತಾರೆ. ಬದುಕಿ ಎದ್ದವರು ಕಡಿಮೆ.

ಮಾವ ಎದ್ದು ನಿಂತ.

"'ಬಿಟ್ಟುಕೊಡಬೇಕಂತೆ ಮಾವ, ಬೇಡ' ಅಂತಲೇ ನನ್ನ ಕಿವಿಯಲ್ಲಿ ಹೇಳಿದ್ದ ಹುಡುಗ. ಬಟ್ಟೆಯ ಆಸೆಗೆ ನಾನೇ ಗೀಟು ಎಳೆದೆ."

ಹಾಗಲ್ಲ ಅಂತ ನಾನು ಹೇಳಬೇಕಿತ್ತು. ಒಂದೇ ಮಾತು. ಮಾವ ನನ್ನ ಕಡೆ ನೋಡಲೂ ಇಲ್ಲ. ಮ್ಬುಂಬ ಅವನ ಕಾಲ ಬಳಿ ಉಗಿದ. ಹೆಂಗಸರು ಮುಖ ತಿರುಗಿಸಿದರು. ಹಿರಿಯರ ನೆಲ ಮಾರಿದವನು ಊರಲ್ಲಿ ಇರಕೂಡದು ಅಂತ ತೀರ್ಮಾನವಾಯಿತು. ಒಂದು ಚಾಪೆ, ಒಂದು ಮಡಕೆ ಹಿಡಿದುಕೊಂಡು ಅವನು ಹೊಳೆಯ ಕಡೆ ನಡೆದ.

ಒಡೆಯನ ಟೊಪ್ಪಿಗೆಯನ್ನು ಅವನ ತಲೆಯಿಂದ ಆಗಲೇ ತೆಗೆದಿಟ್ಟಿದ್ದರು. ಎಂಟು ದಿನ ಕಳೆದು ಅದನ್ನು ನನ್ನ ಮುಂದೆ ತಂದರು. ನಾನು ತಲೆ ಬಗ್ಗಿಸಿ ಇಡಿಸಿಕೊಂಡೆ.