ಯಾವುದಕ್ಕೆ ಮಾಫಿ?

ದಬ್ಬಣ ಗಾದಿಯನ್ನು ಬಿಟ್ಟು ಹೆಬ್ಬೆರಳಿಗೆ ಇಳಿಯಿತು. ಅನ್ವರಿ ಬೇಗಂಗೆ ಅದು ಗೊತ್ತೇ ಆಗಲಿಲ್ಲ. ಗೊತ್ತಾಗುವುದಾದರೂ ಹೇಗೆ? ಎಂಟು ವರ್ಷ, ಐದೂ ಹೊತ್ತಿನ ನಮಾಜಿನಲ್ಲಿ ಯಾರ ಹೆಸರು ಹೇಳಿ ದೇವರ ಮುಂದೆ ಅತ್ತಿದ್ದಳೋ ಆ ಅಲ್ತಾಫ್ ಸೇಠ್ ಕೊರಳ ತುಂಬ ಗುಲಾಬಿ ಹಾರ ಹಾಕಿಕೊಂಡು, ಹಿಂದೆ ಮೂವತ್ತು ಜನರನ್ನು ಕಟ್ಟಿಕೊಂಡು, ಅವಳ ಹೊಸ್ತಿಲ ಮುಂದೆಯೇ ಕೈಜೋಡಿಸಿ ನಿಂತಿದ್ದ.

"ಖಾಲಾ, ಹಜ್‌ಗೆ ಹೊಂಟೀನಿ. ಅಂದಿದ್ದು ಆಡಿದ್ದು ಮಾಫ್ ಮಾಡ್ರಿ," ಅಂದ. ನಕ್ಕ ಕೂಡ!

ಹಜ್‌ಗೆ ಹೊರಟವರು ಓಣಿಯ ಒಂದು ಮನೆಯನ್ನೂ ಬಿಡದೆ ಹೀಗೆ ಮಾಫಿ ಕೇಳುವುದು ಪದ್ಧತಿ. ಜನರ ಕರುಳು ಸುಟ್ಟು ಹೋದರೆ ದೇವರ ಮನೆಯಲ್ಲಿ ಯಾವ ಮುಖ ತೋರಿಸುವುದು? ಕೇಳಿಸಿಕೊಂಡವರು "ಮಾಫ್ ಮಾಡೀವಿ, ನಮಗೂ ದುವಾ ಮಾಡ್ರಿ" ಅನ್ನಬೇಕು, ಅವರು ಮುಂದಿನ ಮನೆಗೆ ಹೋಗಬೇಕು. ಅಷ್ಟೇ ಬಾಬತ್ತು.

ಏನು ಎದೆಗಾರಿಕೆ ಇವನದು ಅಂತ ಅನ್ವರಿ ಅವನ ಮುಖ ನೋಡಿದಳು. ಅವನಿಗೆ ಅವಳ ಗುರುತೇ ಇರಲಿಲ್ಲ! ಪಕ್ಕದ ಮನೆಯವರ ಮುಂದೆ ಅಂದದ್ದನ್ನೇ ಇಲ್ಲೂ ಅಂದಿದ್ದ. ಅವನ ಕಣ್ಣು ಆಗಲೇ ಮುಂದಿನ ಬಾಗಿಲ ಮೇಲಿತ್ತು.

ಎಂಟು ವರ್ಷದ ಹಿಂದೆ ದೇವದುರ್ಗದಲ್ಲಿ ಹತ್ತಿ ತುಂಬಿಕೊಂಡು ಹೊರಟ ಲಾರಿಯೊಂದು ರಾಯಚೂರಿನ ಅಲ್ತಾಫನ ಮಿಲ್ಲಿಗೆ ಬಂದು ಮುಟ್ಟಲೇ ಇಲ್ಲ. ಸೇಠನ ಪರವಾಗಿ ನಿಂತು ಲಾರಿ ತುಂಬಿಸಿದವನು ಅನ್ವರಿಯ ಮಗ ಮುದಸ್ಸಿರ್. "ಇವನೇ ಮಾರಿಕೊಂಡಾನ" ಅಂದ ಸೇಠ್. ಪೊಲೀಸರು ಎಳೆದೊಯ್ದರು. ಅನ್ವರಿ ಮಿಲ್ಲಿನ ಗೇಟಿನಲ್ಲಿ ಸೇಠನ ಕಾಲು ಹಿಡಿದಳು. ಅವನು ಕಾಲು ಕೊಸರಿಕೊಂಡು ಹೋದ. ನಾಲ್ಕು ತಿಂಗಳಾದ ಮೇಲೆ ಸಾಕ್ಷಿ ಇಲ್ಲವೆಂದು ಹುಡುಗನನ್ನು ಬಿಟ್ಟರು, ಖರೆ. ಆದರೆ ಅಷ್ಟರಲ್ಲಿ ಅವನ ಮದುವೆ ನಿಶ್ಚಯದ ಉಂಗುರ ವಾಪಸು ಬಂದಿತ್ತು, ಬಾಡಿಗೆ ಮನೆಯವರು ಸಾಮಾನು ಹೊರಗಿಟ್ಟಿದ್ದರು. ತಾಯಿ ಈ ಓಣಿಗೆ ಬಂದು ಗಾದಿ ಹೊಲಿಯುತ್ತ ಕೂತಳು. ಮಗ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರಲು ಹೋದ. ಅಲ್ಲೂ ಏನಾದರೂ ಕಾಣೆಯಾದರೆ ಮೊದಲು ತಡಕುವುದು ಅವನ ಜೇಬನ್ನೇ. ಸೇಠನಿಗೋ, ಮುಟ್ಟಿದ್ದೆಲ್ಲ ಚಿನ್ನ. ಎರಡನೇ ಮಿಲ್ಲು ಎದ್ದಿತು, ಹೋದ ವರ್ಷ ಮೂರಂತಸ್ತಿನ ಮನೆ ಕಟ್ಟಿಸಿ ಈ ಓಣಿಗೇ ಬಂದ.

"ದೇವರ ಬಡಿಗಿಗೆ ಸಪ್ಪಳ ಇರಂಗಿಲ್ಲ, ತಡೀ" ಅನ್ನುತ್ತಿದ್ದಳು ಅನ್ವರಿ. ಪಕ್ಕದ ಮನೆಯ ಪಕೀರಮ್ಮ ಸುಮ್ಮನಿರುವ ಪೈಕಿಯೇ? "ಸಪ್ಪಳ ಹೋಗ್ಲಿ ಬಿಡವಾ, ಏಟರೆ ಬೀಳಬೇಕಲ್ಲ!" ಅನ್ನುತ್ತಿದ್ದಳು.

ಈಗ ಆ ಪಕೀರಮ್ಮ ತನ್ನ ಬಾಗಿಲಲ್ಲಿ ಬಾಯಿ ತೆರೆದುಕೊಂಡು ನಿಂತಿದ್ದಳು. ಜನ ಕಾಯುತ್ತಿದ್ದರು.

"ಯಾವುದಕ್ಕ ಮಾಫಿ?" ಅಂದಳು ಅನ್ವರಿ.

ಸೇಠ್ ಮತ್ತೆ ನಕ್ಕ. "ಏನರೆ ತಿಳದೋ ತಿಳೀದನೋ..."

"ತಿಳದು ಮಾಡಿದ್ದು ಹೇಳ್ರಿ. ನಾ ಮುದಸ್ಸಿರನ ತಾಯಿ."

ಅವನ ಮುಖದ ರಕ್ತ ಇಳಿದೇ ಹೋಯಿತು. ಅವನ ಸೋದರಮಾವ, ಮಸೀದಿಯ ಹಿರಿಯ ಗುಲಾಮ್ ದಸ್ತಗೀರ್, ಕೋಲು ಊರಿಕೊಂಡು ಮುಂದೆ ಬಂದ. "ಆ ತಾಯಿ ಕೇಳೂದು ಬರೋಬ್ಬರಿ ಅದ, ಅಲ್ತಾಫ್. ಹೆಸರು ಹೇಳದ ತಪ್ಪಿಗೆ ಮಾಫಿ ಎಲ್ಲಿಂದ ಬರ್ತದ? ಇದ್ರ ಹೇಳು."

"ಹೈದರಾಬಾದಿಗೆ ಹೋಗೂ ಹೊತ್ತಾತು," ಅಂದ ಸೇಠ್. ತಿರುಗಿಯೂ ನೋಡದೆ ಹೋಗಿ ಕಾರು ಹತ್ತಿದ. ಧೂಳೆಬ್ಬಿಸಿಕೊಂಡು ಕಾರು ಹೋಗೇ ಹೋಯಿತು.

ಅನ್ವರಿ ಹೊಸ್ತಿಲ ಮೇಲೆ ಕುಸಿದಳು. ಅಯ್ಯೋ ದೇವರೇ, ಇಷ್ಟು ಹತ್ತಿರ ತಂದು ಮತ್ತೆ ಬಿಟ್ಟೆಯಾ? ಅವಳಿಗೆ ಮೊದಲ ಸಲ ದೇವರ ಮೇಲೆ ಸಿಟ್ಟು ಬಂತು. ಎಂಟು ವರ್ಷ ನುಂಗಿದ ಸಿಟ್ಟೆಲ್ಲ ಒಮ್ಮೆಗೇ ಬಂತು. ಪಕೀರಮ್ಮ ನೀರಿನ ತಂಬಿಗೆ ತಂದು ಪಕ್ಕದಲ್ಲಿ ಕೂತಳು. ಅವತ್ತು ಅವಳೂ ಚುಚ್ಚಿ ಮಾತಾಡಲಿಲ್ಲ.

ನೀರು ಕುಡಿದು ಮುಗಿದಿರಲಿಲ್ಲ, ಓಣಿಯ ತುದಿಯಲ್ಲಿ ಕಾರು ನಿಂತಿತು. ಸೇಠ್ ಇಳಿದು ನಡೆದುಕೊಂಡು ಬಂದ. ಕೊರಳಲ್ಲಿ ಹಾರವಿರಲಿಲ್ಲ. ಮಾವನ ಮುಂದೆ, ಇಡೀ ಓಣಿಯ ಮುಂದೆ ನಿಂತು ಬಾಯಿ ತೆರೆದ.

"ಮುದಸ್ಸಿರ್ ಕದ್ದಿಲ್ಲ. ಪಾಲುದಾರನಿಗೆ ಟೋಪಿ ಹಾಕಾಕ ಆ ಲಾರಿ ನಾನೇ ಬ್ಯಾರೆ ಕಡಿ ತಿರುಗಿಸಿದ್ದೆ. ನನ್ನ ಪಾಪ ಅವನ ತಲಿಗೆ ಕಟ್ಟಿದೆ. ಅದನ್ನ ಹೊತ್ಕೊಂಡು ದೇವರ ಮನಿಗೆ ಹೋಗಾಕ ಆಗಲಿಲ್ಲ."

ಪಕೀರಮ್ಮನ ಕೈಯಿಂದ ತಂಬಿಗೆ ಬಿದ್ದು ಉರುಳಿತು. ಗುಲಾಮ್ ದಸ್ತಗೀರ್ ಗೋಡೆ ಹಿಡಿದುಕೊಂಡ. ಅನ್ವರಿ ಬಾಯಿ ತೆರೆದಳು. ಮಾಫಿಯ ಮಾತು ಬರಲಿಲ್ಲ! ಈ ಗಳಿಗೆಗಾಗಿಯೇ ಕಾದವಳಿಗೆ, ಹೇಳಿದರೆ ಕೊಟ್ಟೇಬಿಡುತ್ತೇನೆ ಅಂದುಕೊಂಡಿದ್ದವಳಿಗೆ, ಮಗನ ಮುಖವೇ ಕಣ್ಣ ಮುಂದೆ ಬಂತು.

"ಮಾಫಿ ಕೊಡೂದು ನನ್ನ ಕೈಯಾಗ ಇಲ್ಲ," ಅಂದಳು. "ಸುಟ್ಟದ್ದು ನನ್ನ ಮಗನ ಬಾಳು. ಮಾನ್ವಿಗೆ ನಡೀರಿ. ಇಲ್ಲಿ ಅಂದದ್ದು ಆ ಗಿರಣಿ ಮಂದಿ ಮುಂದ ಅನ್ರಿ."

"ಖಾಲಾ, ಬೆಳಿಗ್ಗೆ ವಿಮಾನ..."

"ನಾವು ಎಂಟು ವರ್ಷ ಕಾದೀವಿ."

ಅವಳು ಅಲ್ಲೇ ಕೂತು ಮಗನಿಗೆ ಫೋನು ಹಚ್ಚಿದಳು. ಕಿವಿ ಮಂದ, ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವವಳು.

"ಮುದಸ್ಸಿರ್, ಅಲ್ತಾಫ್ ಸೇಠ್ ನಿನ್ನ ಗಿರಣಿಗೆ ಬರಾಕತ್ತಾರ..."

ಮುಂದೆ ಹೇಳಗೊಡಲಿಲ್ಲ ಅವನು. ಆ ಕಡೆಯಿಂದ ಮೂವತ್ತೆರಡು ವರ್ಷದ ಗಂಡಸಿನ ದನಿ ಚೀರಿತು. "ಅಮ್ಮಾ! ನಾ ಏನೂ ತಗೊಂಡಿಲ್ಲಮ್ಮಾ! ಖುದಾ ಕಸಂ, ಏನೂ ತಗೊಂಡಿಲ್ಲ! ಅವರಿಗೆ ಹೇಳಮ್ಮಾ!"

ಓಣಿಯಲ್ಲಿ ಎಲ್ಲರಿಗೂ ಕೇಳಿಸಿತು. ಸೇಠ್ ನಿಂತಲ್ಲೇ ನೆಲಕ್ಕೆ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಆಮೇಲೆ ಎದ್ದು ಹೋಗಿ ಕಾರಿನ ಬಾಗಿಲನ್ನು ಅನ್ವರಿಗಾಗಿ ತಾನೇ ತೆಗೆದು ಹಿಡಿದ.

ಡ್ರೈವರ್ ಹೈದರಾಬಾದಿನ ರಸ್ತೆ ಬಿಟ್ಟು ಮಾನ್ವಿಯ ಕಡೆಗೆ ತಿರುಗಿಸಿದ. ಫೋನು ಇನ್ನೂ ಅವಳ ಕೈಯಲ್ಲೇ ಇತ್ತು. "ಗೊತ್ತದ ಬೇಟಾ, ನೀ ತಗೊಂಡಿಲ್ಲ," ಅನ್ನುತ್ತಿದ್ದಳು. "ಈಗ ಅವರೂ ಹೇಳ್ತಾರ."