ಗಾಡಿ ತಡವಾದ ಕಾರಣಗಳು

ಹಚ್ಚದ ದೀಪದ ಮುಂದೆ ಕಡ್ಡಿಪೆಟ್ಟಿಗೆ ಹಿಡಿದು ಕೂತ ನನ್ನ ಹೆಂಡತಿ ಚಂಪಾಬಾಯಿ ಇಂದಿಗೂ ಕಣ್ಣಿಗೆ ಕಟ್ಟುತ್ತಾಳೆ. ಸಂಜೆಯ ರೈಲುಗಾಡಿ ಹಿತ್ತಲಾಚೆ ಕೂಗಿಕೊಂಡು ಹೋದ ಮೇಲೆಯೇ ಅವಳು ದೇವರಿಗೆ ದೀಪ ಹಚ್ಚುವುದು. ದೀಪವಾಗದೆ ತುತ್ತು ಮುಟ್ಟುವವಳಲ್ಲ. ಅವಳ ತವರು ಆ ಕವಲು ಹಳಿಯ ಕೊನೆಯ ಊರು. ಅಲ್ಲಿಂದ ಬರುವ ಗಾಡಿಯೆಂದರೆ ಅವಳಿಗೆ ಅಣ್ಣತಮ್ಮಂದಿರು ಬಂದು ಮಾತಾಡಿಸಿದಷ್ಟು ಸಮಾಧಾನ.

ಅವಳಿಗೆ ಕಣ್ಣು ಪೂರ್ತಿ ಕಾಣದಾದ ವರ್ಷವೇ ಆ ದಾರಿಯನ್ನು ಮುಚ್ಚಿದರು. ಹಳಿಯನ್ನೂ ಕಿತ್ತು ಒಯ್ದರು. ತವರಿನಲ್ಲಿ ಆಗಲೇ ಯಾರೂ ಉಳಿದಿರಲಿಲ್ಲ. ಗಾಡಿಯೂ ಇಲ್ಲವೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಪಕ್ಕದ ಮನೆಯ ಹುಸೇನಸಾಬರು ಅದೇ ಗಾಡಿಯಲ್ಲಿ ಗಾರ್ಡ್ ಆಗಿದ್ದವರು. ಅವರಿಗೆ ಕೈಮುಗಿದು ಕೇಳಿಕೊಂಡೆ. ಅಂದಿನಿಂದ ಅವರು ಸಂಜೆ ಹಿತ್ತಲಲ್ಲಿ ನಿಂತು ತಮ್ಮ ಹಳೆಯ ಸೀಟಿ ಊದುತ್ತಿದ್ದರು. ಇವಳು ದೀಪ ಹಚ್ಚುತ್ತಿದ್ದಳು.

ಆದರೆ ಹೊತ್ತಿಗೆ ಸರಿಯಾಗಿ ಊದಿರೆಂದು ಎಷ್ಟು ಹೇಳಿದರೂ ಸಾಬರು ದಿನಾ ತಡಮಾಡುತ್ತಿದ್ದರು. ಅವಳು ಹಸಿದು ಕೂತದ್ದನ್ನು ನೋಡಲಾರದೆ ನಾನು ಕಾರಣ ಕಟ್ಟುತ್ತಿದ್ದೆ.

"ಇವತ್ತ್ಯಾಕ ಇನ್ನೂ ಬರವಲ್ದು?" ಎನ್ನುವಳು.

"ಏರು ಹತ್ತಲಾರದ ನಿಂತದಂತ. ಮಂದಿ ಇಳದು ನೂಕ್ಲಿಕ್ಕೆ ಹತ್ಯಾರ."

"ಟಿಕೀಟ ಇಲ್ಲದವ್ರೂ ನೂಕ್ತಾರೇನು?"

"ಅವರೇ ಮುಂದ ನಿಂತಾರ."

ದಿಬ್ಬಣವೊಂದನ್ನು ಬಿಟ್ಟುಬಂದಿತೆಂದು ಗಾಡಿ ಹಿಂದಕ್ಕೆ ಹೋದದ್ದು, ಎಂಜಿನ್ನಿನ ಬಿಸಿನೀರಿನಲ್ಲಿ ಒಂದೂರಿಗೆ ಊರೇ ಸ್ನಾನ ಮಾಡಿದ್ದು. ಹೀಗೆ ನಡೆದದ್ದು ಕೊಂಚ, ನಡೆಯದ್ದು ಬಹಳ ಸೇರಿ, ಸತ್ತ ಹಳಿಗೆ ನನ್ನ ಬಾಯಲ್ಲಿ ಒಂದು ಚರಿತ್ರೆಯೇ ಬೆಳೆಯಿತು. ದೇವರೆದುರಿನ ಆ ಸುಳ್ಳುಗಳನ್ನು ಅವನೇ ಹೊಟ್ಟೆಗೆ ಹಾಕಿಕೊಳ್ಳಲಿ ಎಂದು ಬೇಡುತ್ತಿದ್ದೆ.

ಹೋದ ಕಾರ್ತಿಕದಲ್ಲಿ ಅವಳು ತೀರಿಕೊಂಡಳು. ಕರ್ಮಗಳೆಲ್ಲ ಮುಗಿದ ಸಂಜೆ ಹುಸೇನಸಾಬರು ಬಂದು ಕಟ್ಟೆಯ ಮೇಲೆ ಕೂತರು.

"ಸಾಬರ, ಅಷ್ಟು ಹೇಳಿದ್ರೂ ದಿನಾ ಯಾಕ ತಡಾ ಮಾಡ್ತಿದ್ರಿ?" ಎಂದು ಕೇಳಿಬಿಟ್ಟೆ.

ಅವರು ನೆಲ ನೋಡುತ್ತ ಹೇಳಿದರು: "ಮೊದಲ್ನೇ ವಾರದಾಗನ ಅಕ್ಕಾರು ಗೋಡಿ ಹಿಡ್ಕೊಂಡು ನಮ್ಮ ಮನಿಗೆ ಬಂದಿದ್ರು. 'ಹುಸೇನಣ್ಣಾ, ನಿನ್ನ ಎಂಜಿನ್ನಿಗೆ ನೆಗಡಿ ಆಗೇದ. ಇರ್ಲಿ, ಊದು. ಆದ್ರ ತಡಾ ಮಾಡಿ ಊದು. ನಮ್ಮನಿಯವರು ಹಗಲೆಲ್ಲ ತುಟಿ ಬಿಚ್ಚಂಗಿಲ್ಲ. ಗಾಡಿ ತಡಾ ಆದ್ರಷ್ಟ ನನ್ನ ಕೂಡ ಮಾತಾಡ್ತಾರ' ಅಂದ್ರು."

ಮನೆಯೊಳಗೆ ಕತ್ತಲು ಕೂಡುತ್ತಿತ್ತು.

"ರಾಯರ, ಇವತ್ತ್ಯಾಕ ತಡಾ ಆಗೈತಿ?" ಎಂದರು ಸಾಬರು.

"ನಡುಹೊಲದಾಗ ಒಬ್ಬಾಕಿ ಕೈ ಮಾಡ್ಯಾಳ," ಎಂದೆ. "ಕಣ್ಣು ಕಾಣಂಗಿಲ್ಲ ಆಕಿಗೆ. ಸಾವಕಾಶ ಹತ್ತಲಿ ಅಂತ ಎಲ್ಲಾರೂ ಕಾಯ್ಲಿಕ್ಕೆ ಹತ್ಯಾರ."

ಹಳಿಯಿಲ್ಲದ ಏರಿಯ ಮೇಲೆ ಕುರಿಮಂದೆಯೊಂದು ದೂಳೆಬ್ಬಿಸುತ್ತ ಅವಳ ಊರಿನ ಕಡೆಗೆ ಹೋಗುತ್ತಿತ್ತು.